ಕಖೇತಿಯ ದ್ರಾಕ್ಷಿ ಸುಗ್ಗಿ ಮತ್ತು ಕ್ವೆವ್ರಿ ವೈನ್

ಕಖೇತಿಯು ಜಾರ್ಜಿಯಾ ದೇಶದ ಪೂರ್ವಭಾಗದಲ್ಲಿ, ಕಾಕಸಸ್ ಪರ್ವತಗಳ ತಪ್ಪಲಿನಲ್ಲಿರುವ ಸೀಮೆ. ದೇಶದ ದ್ರಾಕ್ಷಿತೋಟಗಳಲ್ಲಿ ಹೆಚ್ಚಿನವು ಇಲ್ಲಿವೆ. ಅಲಜಾನಿ ನದಿಯ ಕಣಿವೆಯಲ್ಲಂತೂ ಹಳ್ಳಿಯಿಂದ ಹಳ್ಳಿಗೆ ಬಳ್ಳಿಸಾಲೇ. ಹಳೆಯ ಮನೆಗಳಲ್ಲಿ ‘ಮರಾನಿ’ ಎಂಬ ವೈನ್ ಕೋಣೆ ಇರುತ್ತದೆ. ಅದರ ನೆಲದಲ್ಲಿ ಕಂಠದವರೆಗೆ ಹೂತಿಟ್ಟ ಮಣ್ಣಿನ ಗುಡಾಣಗಳೇ ಕ್ವೆವ್ರಿಗಳು. ನಮ್ಮ ಬಯಲುಸೀಮೆಯ ಹಗೇವಿನಂತೆ ಇವುಗಳದೂ ಬಾಯಿ ಮಾತ್ರ ಹೊರಗೆ ಕಾಣುತ್ತದೆ.

ನಮ್ಮ ವಿಜಯಪುರದ ದ್ರಾಕ್ಷಿ ರೈತರು ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ, ವರ್ಷಕ್ಕೆ ಎರಡು ಬಾರಿ ಚಾಟ್ನಿ, ಅಂದರೆ ಬಳ್ಳಿ ಸವರುವಿಕೆ, ಮಾಡುತ್ತಾರೆ. ಕಖೇತಿಯಲ್ಲಿ ಚಳಿಗೆ ಬಳ್ಳಿ ಎಲೆಯುದುರಿಸಿ ಮಲಗುವುದರಿಂದ ಚಳಿಗಾಲದ ಕೊನೆಗೆ ಒಂದೇ ಸವರುವಿಕೆ, ವರ್ಷಕ್ಕೆ ಒಂದೇ ಬೆಳೆ. ಸವರಿದ ಕಡ್ಡಿಗಳನ್ನು ಕಟ್ಟು ಕಟ್ಟಿ ಇಟ್ಟುಕೊಂಡು, ಅವುಗಳ ಕೆಂಡದ ಮೇಲೆ ಮಾಂಸ ಸುಡುತ್ತಾರೆ. ಬೇಸಿಗೆಯ ಭಯ ಆಲಿಕಲ್ಲಿನದು. ಅರ್ಧ ತಾಸಿನ ಮಳೆ ವರ್ಷದ ಗಳಿಕೆಯನ್ನೇ ನೆಲಕ್ಕೆ ಕೆಡವಬಲ್ಲದು.

ಸೆಪ್ಟೆಂಬರ್–ಅಕ್ಟೋಬರ್‌ನ ಕೊಯ್ಲಿಗೆ ‘ರ್ತ್ವೇಲಿ’ ಎಂದು ಹೆಸರು. ರಾಜಧಾನಿ ತಿಬಿಲಿಸಿ ಸೇರಿದ ಮಕ್ಕಳು, ನೆಂಟರು ಊರಿಗೆ ಮರಳುತ್ತಾರೆ. ಬಿಳಿಯ ರ್ಕತ್ಸಿತೇಲಿ, ತಿರುಳೂ ಕೆಂಪಾಗಿರುವ ಸಪೆರಾವಿ ಇಲ್ಲಿಯ ಮುಖ್ಯ ತಳಿಗಳು. ಸಾಂಪ್ರದಾಯಿಕವಾಗಿ, ಮರದ ದಿಮ್ಮಿ ಕೊರೆದು ಮಾಡಿದ ದೋಣಿಯಲ್ಲಿ ಹಣ್ಣನ್ನು ಕಾಲಿನಿಂದ ತುಳಿದು, ರಸದ ಜೊತೆಗೇ ಸಿಪ್ಪೆ, ಬೀಜ, ತೊಟ್ಟುಗಳನ್ನು ಕ್ವೆವ್ರಿಗೆ ಸುರಿಯುತ್ತಾರೆ. ಹುದುಗು ಏಳುತ್ತಿದ್ದಂತೆ ಸಿಪ್ಪೆ ಮೇಲೆ ಬಂದು ಗಟ್ಟಿ ಪದರವಾಗುತ್ತದೆ. ದಿನಕ್ಕೆ ಹಲವು ಸಲ ಕೋಲಿನಿಂದ ಅದನ್ನು ಒಳಗೆ ಒತ್ತದಿದ್ದರೆ ವೈನ್ ಹುಳಿಯುತ್ತದೆ. ಹಾಗಾಗಿ ಆ ದಿನಗಳಲ್ಲಿ ಮರಾನಿಯನ್ನು ಬಿಟ್ಟು ದೂರ ಹೋಗುವಂತಿಲ್ಲ. ಆಮೇಲೆ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ, ಬಿಳಿ ದ್ರಾಕ್ಷಿಯ ವೈನ್ ಹೊರಬರುವುದು ವಸಂತದಲ್ಲಿ. ಆಗ ಅದರ ಬಣ್ಣ ಜೇನಿನ ಕಡೆಗೆ ತಿರುಗಿರುತ್ತದೆ.

ಏನೂ ವ್ಯರ್ಥವಾಗುವುದಿಲ್ಲ. ಉಳಿದ ಚರಟವನ್ನು ಭಟ್ಟಿ ಇಳಿಸಿದರೆ ‘ಚಾಚಾ’ ಎಂಬ ಕಟುವಾದ ಮದ್ಯ. ತಾಜಾ ರಸಕ್ಕೆ ಹಿಟ್ಟು ಕಲಸಿ ಕುದಿಸಿ, ದಾರಕ್ಕೆ ಪೋಣಿಸಿದ ಅಕ್ರೋಟನ್ನು ಅದರಲ್ಲಿ ಅದ್ದಿ ಒಣಗಿಸಿದರೆ ‘ಚುರ್ಚ್‌ಖೇಲಾ’, ಚಳಿಗಾಲದ ತಿನಿಸು. ಎಲ್ಲಕ್ಕಿಂತ ಕಷ್ಟದ, ಅತಿಥಿಗಳ ಕಣ್ಣಿಗೆ ಬೀಳದ ಕೆಲಸವೆಂದರೆ ಖಾಲಿ ಗುಡಾಣ ತೊಳೆಯುವುದು. ದೊಡ್ಡದಾದರೆ ಆಳೇ ಒಳಗಿಳಿದು, ಚೆರ್ರಿ ಮರದ ತೊಗಟೆಯ ಕುಂಚದಿಂದ, ತೊಳೆದ ನೀರು ತಿಳಿಯಾಗುವ ತನಕ ಉಜ್ಜಬೇಕು.

ಜಾರ್ಜಿಯಾದ ಗಡಾಚ್ರಿಲಿ ಗೋರಾದಲ್ಲಿ ಸಿಕ್ಕ ಮಡಕೆಚೂರುಗಳಲ್ಲಿ ಸುಮಾರು 8,000 ವರ್ಷ ಹಿಂದಿನ ದ್ರಾಕ್ಷಿ ವೈನಿನ ಕುರುಹು ಇರುವುದು 2017ರಲ್ಲಿ ಪ್ರಕಟವಾಯಿತು. ಇಷ್ಟು ಹಳೆಯ ಬೇರಿಗೂ ರಾಜಕೀಯದ ಪೆಟ್ಟು ತಪ್ಪಲಿಲ್ಲ. 1985ರ ಸೋವಿಯತ್ ಪಾನವಿರೋಧಿ ಅಭಿಯಾನದಲ್ಲಿ ತೋಟಗಳನ್ನು ಕಿತ್ತುಹಾಕಲಾಯಿತು. 2006ರಲ್ಲಿ ರಷ್ಯಾ ಜಾರ್ಜಿಯಾದ ವೈನಿಗೆ ಬಾಗಿಲು ಮುಚ್ಚಿತು. ಕಾರ್ಖಾನೆಗಳು ಸ್ಟೀಲ್ ತೊಟ್ಟಿಗೆ ಹೊರಳಿದರೂ ಕ್ವೆವ್ರಿ ಪದ್ಧತಿ ಬದುಕುಳಿದದ್ದು ಮನೆಮಂದಿಯ ಬಳಕೆಯಿಂದ. 2013ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಂದು ಬೇಡಿಕೆ ಹೆಚ್ಚಿದೆ, ಆದರೆ ಗುಡಾಣ ಕಟ್ಟಬಲ್ಲ ಕುಟುಂಬಗಳು ಕೆಲವೇ. ತೆಲಾವಿ ಬಳಿಯ ವರ್ದಿಸುಬಾನಿ ಅಂಥವರ ಹಳ್ಳಿ. ಹಸಿಮಣ್ಣಿನ ಕೆಳಗಿನ ಸುತ್ತು ಬಿಗಿಯಾಗದೆ ಮೇಲಿನದನ್ನು ಏರಿಸುವಂತಿಲ್ಲವಾದ್ದರಿಂದ ದೊಡ್ಡ ಕ್ವೆವ್ರಿ ಎದ್ದು ನಿಲ್ಲಲು ವಾರಗಳೇ ಬೇಕು. ಗೂಡಿನಲ್ಲಿ ದಿನಗಟ್ಟಲೆ ಸುಟ್ಟು, ಬಿಸಿ ಆರುವ ಮುನ್ನ ಒಳಮೈಗೆ ಜೇನುಮೇಣ ಸವರುತ್ತಾರೆ.