ಹಳೇಬೀಡಲ್ಲಿ ಗುಡಿಯಷ್ಟೇ ನೋಡಿ ಬರಬೇಡಿ

ನಮ್ಮ ಬಾಣಾವರದಿಂದ ಹೊರಟು ಜಾವಗಲ್ ದಾಟಿದರೆ ಹಳೇಬೀಡು. ಹೊಯ್ಸಳರ ರಾಜಧಾನಿ ದೋರಸಮುದ್ರ ಇದೇ. ಬಂದವರಲ್ಲಿ ಬಹಳ ಜನ ಹೊಯ್ಸಳೇಶ್ವರ ಗುಡಿ ಸುತ್ತಿ, ಫೋಟೊ ತೆಗೆದು, ಬೇಲೂರಿನ ಬಸ್ ಹತ್ತುತ್ತಾರೆ. ಅಷ್ಟಕ್ಕೇ ರಾಜಧಾನಿ ನೋಡಿದಂತಾಗಲ್ಲ.

ಗುಡಿಯ ದಕ್ಷಿಣಕ್ಕೆ ಗರುಡಗಂಬವಿದೆ. ಅಲ್ಲಿ ಸ್ವಲ್ಪ ನಿಲ್ಲಿ. ಕತ್ತಿಯಿಂದ ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವ ವೀರರನ್ನು ಅದರಲ್ಲಿ ಕೆತ್ತಿದ್ದಾರೆ. ಅರಸ ಸತ್ತರೆ ತಾವೂ ಸಾಯುತ್ತೇವೆಂದು ಭಾಷೆ ಕೊಟ್ಟವರಿಗೆ ಆಗ ಗರುಡರು ಎನ್ನುತ್ತಿದ್ದರು. 1220ರಲ್ಲಿ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ, ಹೆಂಡತಿ ಮತ್ತು ಸಂಗಡಿಗರ ಜೊತೆ ಪ್ರಾಣ ಕೊಟ್ಟ. ಅದರ ನೆನಪಿಗೆ ಈ ಕಂಬ. ಸ್ವಾಮಿನಿಷ್ಠೆ ಅಂತ ಹೊಗಳುವುದು ಸುಲಭ. ನಮಗೆ ಮಾತ್ರ ಆ ಸಂಗಡಿಗರ ಮನೆ-ಮಕ್ಕಳ ಪಾಡೇನಾಯಿತೋ ಅನ್ನಿಸಿತು.

1311ರಲ್ಲಿ ಮಲಿಕ್ ಕಾಫೂರನ ದಂಡು ಇಲ್ಲಿಗೆ ಬಂತು. ಮುಂದೆ ರಾಜಧಾನಿ ಹಾಳಾಗಿ, ಊರಿಗೆ ‘ಹಳೆಯ ಬೀಡು’ ಎಂಬ ಹೆಸರೇ ನಿಂತಿತು. ಸುತ್ತಮುತ್ತ ಸಿಕ್ಕ ವಿಗ್ರಹಗಳನ್ನು ಗುಡಿಯ ಪಕ್ಕದ ಪುರಾತತ್ವ ಇಲಾಖೆ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಶುಕ್ರವಾರ ರಜೆ, ನೆನಪಿರಲಿ.

ಅಲ್ಲಿಂದ ಸ್ವಲ್ಪ ನಡೆದರೆ ಬಸದಿಹಳ್ಳಿ. ವಿಷ್ಣುವರ್ಧನನ ಕಾಲದ, 1133ರ ಪಾರ್ಶ್ವನಾಥ ಬಸದಿ ಅಲ್ಲಿದೆ. ಗೋಡೆ ಸಾದಾ. ಒಳಗಿನ ಕಂಬಗಳು ಮಾತ್ರ ಎಷ್ಟು ನುಣುಪೆಂದರೆ, ಎದುರು ನಿಂತವರ ನೆರಳು ಕನ್ನಡಿಯಂತೆ ಕಾಣುತ್ತದೆ.