ಸ್ಕೋಪಿನ ಗೆರೆಗಳಿಗೆ ಅಳತೆ ಬಂದ ಬಗೆ

1640ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರಿನ ವಿಲಿಯಂ ಗ್ಯಾಸ್ಕೋಯಿನ್ ತನ್ನ ದೂರದರ್ಶಕದೊಳಗೆ ಜೇಡ ನೇಯ್ದ ಎಳೆಯೊಂದನ್ನು ಕಂಡ. ಬಿಂಬ ಮೂಡುವ ಜಾಗದಲ್ಲೇ ಎಳೆ ಇದ್ದರೆ ಎಳೆಯೂ ಆಕಾಶಕಾಯವೂ ಒಟ್ಟಿಗೆ ಸ್ಪಷ್ಟವಾಗಿ ಕಾಣುತ್ತವೆ ಎಂದು ಅವನಿಗೆ ಹೊಳೆಯಿತು. ಅದನ್ನೇ ಬೆಳೆಸಿ ಗ್ರಹಗಳ ಕೋನವ್ಯಾಸ ಅಳೆದ. ಇಂದಿನ ರೈಫಲ್ ಸ್ಕೋಪಿನೊಳಗಿನ ಗುರಿಗೆರೆಯಾದ ರೆಟಿಕಲ್‌ಗೆ ಮೂಲ ಇದೇ. ಆದರೆ 19ನೇ ಶತಮಾನದಲ್ಲಿ ಬಂದೂಕಿನ ಮೇಲೆ ದೂರದರ್ಶಕ ಕೂತಾಗ ಕೂಡುಗೆರೆ ಮಾತ್ರ ಬಂತು, ಅಳತೆ ಬರಲು ಬಹಳ ಕಾಲ ಹಿಡಿಯಿತು.

ಮೊದಲು ನೆಲೆಯೂರಿದ್ದು ಕೋನದ ನಿಮಿಷ, ಶೂಟರ್‌ಗಳ ಮಾತಿನಲ್ಲಿ ಎಂಒಎ. ಡಿಗ್ರಿಯ 60ನೇ ಒಂದು ಭಾಗವಾದ ಇದು 100 ಗಜ ದೂರದಲ್ಲಿ 1.047 ಇಂಚು ಆವರಿಸುತ್ತದೆ. ಇಂಚು-ಗಜಗಳ ನಾಡಿನಲ್ಲಿ ‘ನೂರು ಗಜಕ್ಕೆ ಒಂದಿಂಚು’ ಎಂಬ ಲೆಕ್ಕ ಬಾಯಿಗೆ ಬಂತು. ಹತ್ತಿರದ ಗುರಿಗೆ ಅದು ಸಾಕು. 1000 ಗಜಕ್ಕೆ 30 ನಿಮಿಷ ಏರಿಸಬೇಕಾದಲ್ಲಿ ಈ ಸಣ್ಣ ಸಡಿಲಿಕೆಯೇ 14 ಇಂಚಿನ ತಪ್ಪಾಗುತ್ತದೆ.

ಇನ್ನೊಂದು ಮಾನವಾದ ಮಿಲ್ ಬಂದದ್ದು ಫಿರಂಗಿದಳದಿಂದ. ಸ್ವಿಸ್ ಎಂಜಿನಿಯರ್ ಶಾರ್ಲ್-ಮಾರ್ಕ್ ದಾಪ್ಲ್ 19ನೇ ಶತಮಾನದಲ್ಲೇ ದೂರದ ಸಾವಿರದಲ್ಲೊಂದು ಪಾಲನ್ನು ಕೋನಮಾನವಾಗಿ ಬಳಸಿದ್ದ. ಸಾವಿರ ಮೀಟರಿನಾಚೆ ಒಂದು ಮೀಟರ್ ಎಂದರೆ ಒಂದು ಮಿಲ್: ಯುದ್ಧದ ಗದ್ದಲದಲ್ಲೂ ತಪ್ಪದ ಲೆಕ್ಕ. ನಿಜವಾದ ಮಿಲ್‌ಗಳು, ಅಂದರೆ ಮಿಲಿರೇಡಿಯನ್‌ಗಳು ಒಂದು ವೃತ್ತದಲ್ಲಿ ಸುಮಾರು 6283. ಭಾಗಿಸಲು ಸುಲಭವೆಂದು ನೇಟೋ 6400, ಸೋವಿಯತ್ ಸೇನೆ 6000 ಎಂದು ಇಟ್ಟುಕೊಂಡವು.

ಮಿಲ್ ಮತ್ತು ನಿಮಿಷದ ಕೊಂಡಿ 3.438: ಒಂದು ಮಿಲ್‌ಗೆ ಅಷ್ಟು ನಿಮಿಷ. ಆರ್ಯಭಟನ ಜ್ಯಾ (ಸೈನ್) ಕೋಷ್ಟಕ ಬಲ್ಲವರಿಗೆ ಈ ಅಂಕಿ ಹಳೆಯ ಪರಿಚಯ. ಪರಿಧಿಯನ್ನು 21,600 ಕಲೆಗಳಾಗಿ, ಅಂದರೆ ನಿಮಿಷಗಳಾಗಿ, ಭಾಗಿಸಿದರೆ ತ್ರಿಜ್ಯ 3438 ಕಲೆ. ಅದರ ಸಾವಿರದಲ್ಲೊಂದು ಪಾಲೇ ಮಿಲ್. ಎರಡೂ ಮಾನಗಳು ಒಂದೇ ವೃತ್ತದ ಮಕ್ಕಳು. ‘ಯಾವುದು ಹೆಚ್ಚು ನಿಖರ’ ಎಂಬ ಶೂಟರ್‌ಗಳ ವಾದಕ್ಕೆ ಹಾಗಾಗಿ ಅರ್ಥವಿಲ್ಲ.

1963ರಲ್ಲಿ ಸೋವಿಯತ್ ಸೇನೆಗೆ ಬಂದ, ನಮ್ಮ ಸೈನ್ಯವೂ ಬಳಸಿದ ಸ್ನೈಪರ್ ರೈಫಲ್ ಡ್ರಾಗುನೋವ್‌ನ ಸ್ಕೋಪಿನಲ್ಲಿ ಸಾವಿರಾಂಶದ ಗೀಟುಗಳ ಜೊತೆಗೆ, 1.7 ಮೀಟರ್ ಎತ್ತರದ ಆಕೃತಿಯಿಂದ ದೂರ ಓದುವ ಬಾಗುಗೆರೆಯೂ ಇದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಮರೀನ್ ಪಡೆ ಮಿಲ್-ಡಾಟ್ ತಂದಿತು. ಚುಕ್ಕಿಯಿಂದ ಚುಕ್ಕಿಗೆ ಒಂದು ಮಿಲ್. 50 ಸೆಂಟಿಮೀಟರ್ ಹಲಗೆ 2.5 ಮಿಲ್ ಕಂಡರೆ, ಅದರ 500 ಮಿಲಿಮೀಟರನ್ನು 2.5ರಿಂದ ಭಾಗಿಸಿ: ದೂರ 200 ಮೀಟರ್.

ಎಡವಟ್ಟು ಶುರುವಾದದ್ದು ಇಲ್ಲಿಂದ. ರೆಟಿಕಲ್ ಮಿಲ್‌ಗೆ ಬದಲಾದರೂ ಗುರಿ ಸರಿಪಡಿಸಲು ತಿರುಗಿಸುವ ಗುಂಡಿಯಾದ ಟರೆಟ್ ಎಷ್ಟೋ ಸ್ಕೋಪುಗಳಲ್ಲಿ ಕ್ಲಿಕ್ಕಿಗೆ ಕಾಲು ನಿಮಿಷದ್ದೇ ಉಳಿಯಿತು. ಗುಂಡು 1.5 ಮಿಲ್ ಕೆಳಗೆ ಬಿತ್ತೆನ್ನಿ. ಅದನ್ನು 3.438ರಿಂದ ಗುಣಿಸಿ, ನಾಲ್ಕರಿಂದ ಗುಣಿಸಿ, 21 ಕ್ಲಿಕ್ ಎನ್ನುವಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿರುತ್ತದೆ. ಟರೆಟ್ಟೂ 0.1 ಮಿಲ್‌ನದಾಗಿದ್ದರೆ ಕಂಡದ್ದೇ ಉತ್ತರ: 15 ಕ್ಲಿಕ್. ರೆಟಿಕಲ್ ಎರಡನೇ ನಾಭಿತಲದಲ್ಲಿ, ಅಂದರೆ ಕಣ್ಣಿನ ಕಡೆ ಬಿಂಬ ಮೂಡುವ ಜಾಗದಲ್ಲಿ, ಇದ್ದರೆ ಇನ್ನೊಂದು ತೊಡಕು. 10 ಪಟ್ಟು ವರ್ಧನೆಯಲ್ಲಿ ಸರಿಯಿರುವ ಮಿಲ್ ಅಂತರ 5 ಪಟ್ಟಿಗಿಳಿಸಿದರೆ ಎರಡು ಮಿಲ್ ಆವರಿಸುತ್ತದೆ. ಮೊದಲ ನಾಭಿತಲದ ರೆಟಿಕಲ್ ಬಿಂಬದೊಂದಿಗೇ ಹಿಗ್ಗಿ ಕುಗ್ಗುವುದರಿಂದ ಅಳತೆ ಕೆಡುವುದಿಲ್ಲ.

ಮೀಟರಿನಲ್ಲಿ ಯೋಚಿಸುವ ನಮಗೆ ಮಿಲ್ ಸಲೀಸು. ನಿಮಿಷವೇ ರೂಢಿಯಾಗಿದ್ದರೆ ಅದನ್ನು ಬಿಡಬೇಕಾಗಿಲ್ಲ. ಆದರೆ ಸ್ಕೋಪ್ ಆರಿಸುವಾಗ ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಎಂದು ಕೇಳುವ ಮೊದಲು, ರೆಟಿಕಲ್ ಮತ್ತು ಟರೆಟ್ ಎರಡೂ ಒಂದೇ ಮಾನದ್ದೇ ಎಂದು ಕೇಳಿ.