ನಕಲನ್ನು ತಿದ್ದಿದರೆ ಮೂಲವೂ ಬದಲಾಗುವುದೇಕೆ? ಶಾಲೋ ಕಾಪಿ, ಡೀಪ್ ಕಾಪಿ ಪರಿಚಯ

ಹೊಸೂರು, ಕೃಷ್ಣಗಿರಿ ಭಾಗದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಕಂಪ್ಯೂಟರ್ ಶಿಕ್ಷಣಕ್ಕೆ ಸೇರುವ ನಮ್ಮ ಮಕ್ಕಳಿಗೆ ಅಲ್ಲಿನ ಪರಿಭಾಷೆಯೆಲ್ಲ ಇಂಗ್ಲಿಷಿನಲ್ಲಿಯೇ ಎದುರಾಗುತ್ತದೆ. ಅಂತಹ ಒಂದು ಜೋಡಿ ಪದವನ್ನು ನಮ್ಮ ಶಾಲೆಗಳದೇ ಉದಾಹರಣೆಯಿಂದ ಇಲ್ಲಿ ವಿವರಿಸುತ್ತಿದ್ದೇವೆ.

ಒಂದು ಶಾಲೆಯಲ್ಲಿ ಕನ್ನಡ ಮತ್ತು ತಮಿಳು ಮಾಧ್ಯಮದ ವಿಭಾಗಗಳಿವೆ ಎಂದಿಟ್ಟುಕೊಳ್ಳೋಣ. ಶಾಲೆಯ ತಂತ್ರಾಂಶದಲ್ಲಿ ಕನ್ನಡ ವಿಭಾಗವು ಒಂದು ಆಬ್ಜೆಕ್ಟ್. ಅದರಲ್ಲಿ ವಿಭಾಗದ ಹೆಸರು ಹಾಗೂ ವಿಷಯಗಳ ಪಟ್ಟಿ ಇವೆ. 2006ರ ಕಾಯ್ದೆಯ ಮೂಲಕ ಹಂತಹಂತವಾಗಿ ಕಡ್ಡಾಯವಾದ ತಮಿಳು, ಜೊತೆಗೆ ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮತ್ತು ಕನ್ನಡ ಆ ಪಟ್ಟಿಯಲ್ಲಿವೆ. ಜಾವಾ, ಪೈಥಾನ್‌ಗಳಲ್ಲಿ ಇಂತಹ ಪಟ್ಟಿಯು ಮೆಮೊರಿಯಲ್ಲಿ ಪ್ರತ್ಯೇಕವಾಗಿರುತ್ತದೆ. ವಿಭಾಗದ ಆಬ್ಜೆಕ್ಟ್‌ನಲ್ಲಿರುವುದು ಪಟ್ಟಿ ಎಲ್ಲಿದೆಯೆಂಬ ಗುರುತು ಮಾತ್ರ. ಇದನ್ನೇ ರೆಫರೆನ್ಸ್ ಎನ್ನುತ್ತಾರೆ.

ಈಗ ತಮಿಳು ವಿಭಾಗವನ್ನು ರಚಿಸಲು ಕನ್ನಡ ವಿಭಾಗದ ನಕಲು ತೆಗೆಯುತ್ತೇವೆ. ಶಾಲೋ ಕಾಪಿಯಾದರೆ ಹೊಸ ಆಬ್ಜೆಕ್ಟ್ ಹುಟ್ಟುತ್ತದೆ, ಆದರೆ ಅದರೊಳಗೆ ಬರುವುದು ಹಳೆಯ ಗುರುತೇ. ನಕಲಿನ ಹೆಸರನ್ನು 'ತಮಿಳು ಮಾಧ್ಯಮ' ಎಂದು ಬದಲಿಸಿದರೆ ಮೂಲಕ್ಕೆ ತೊಂದರೆಯಿಲ್ಲ. ನಕಲಿನ ಪಟ್ಟಿಯಿಂದ 'ಕನ್ನಡ'ವನ್ನು ಅಳಿಸಿದರೆ ಮಾತ್ರ ಕನ್ನಡ ವಿಭಾಗದಿಂದಲೂ ಕನ್ನಡ ಮಾಯವಾಗುತ್ತದೆ! ಏಕೆಂದರೆ ಪಟ್ಟಿ ಇರುವುದು ಒಂದೇ. ದೋಷಸೂಚನೆ ಯಾವುದೂ ಬಾರದಿರುವುದರಿಂದ ತಪ್ಪು ಬಹುಕಾಲ ಗಮನಕ್ಕೆ ಬಾರದೆ ಉಳಿಯಬಹುದು.

ಡೀಪ್ ಕಾಪಿಯು ಆಬ್ಜೆಕ್ಟ್‌ನ ಜೊತೆಗೆ ಒಳಗಿನ ಪಟ್ಟಿಯನ್ನೂ, ಅದರೊಳಗೆ ಬದಲಾಗಬಲ್ಲ ಬೇರೆ ಆಬ್ಜೆಕ್ಟ್‌ಗಳಿದ್ದರೆ ಅವನ್ನೂ ಹೊಸದಾಗಿ ರಚಿಸುತ್ತದೆ. ಆಗ ಎರಡು ವಿಭಾಗಗಳಿಗೂ ತಮ್ಮದೇ ಪಟ್ಟಿ ದೊರೆಯುತ್ತದೆ.

ಪೈಥಾನ್‌ನ 'ಕಾಪಿ' ಮಾಡ್ಯೂಲ್‌ನಲ್ಲಿ 'ಕಾಪಿ', 'ಡೀಪ್‌ಕಾಪಿ' ಎಂಬ ಎರಡು ಫಂಕ್ಷನ್‌ಗಳಿವೆ. ಎರಡನೆಯದು ಈಗಾಗಲೇ ನಕಲಾದವುಗಳ ನೆನಪಿಟ್ಟುಕೊಳ್ಳುವುದರಿಂದ, ಪರಸ್ಪರ ಸೂಚಿಸುವ ಆಬ್ಜೆಕ್ಟ್‌ಗಳಿದ್ದರೂ ಕೊನೆಯಿಲ್ಲದ ಸುತ್ತಿಗೆ ಸಿಲುಕದು. ಜಾವಾದ 'ಕ್ಲೋನ್' ಮೂಲರೂಪದಲ್ಲಿ ಶಾಲೋ ಕಾಪಿಯನ್ನಷ್ಟೇ ಮಾಡುತ್ತದೆ. ಆಳದ ನಕಲು ಬೇಕಿದ್ದರೆ ನಾವೇ ಬರೆಯಬೇಕು. ಬರಿಯ ಸಮಚಿಹ್ನೆಯಿಂದ ಇನ್ನೊಂದು ಹೆಸರಿಗೆ ವಹಿಸಿದರೆ ಇವೆರಡು ಭಾಷೆಗಳಲ್ಲಿ ನಕಲೇ ಆಗುವುದಿಲ್ಲ. ಒಂದೇ ಆಬ್ಜೆಕ್ಟ್‌ಗೆ ಎರಡು ಹೆಸರಾಗುತ್ತದೆ.

ಹಾಗೆಂದು ಡೀಪ್ ಕಾಪಿಯೇ ಸದಾ ಮೇಲಲ್ಲ. ಅದಕ್ಕೆ ಸಮಯ, ಮೆಮೊರಿ ಹೆಚ್ಚು ಬೇಕು. ಶಾಲೆಯ ವಿಳಾಸದಂತಹ ಮಾಹಿತಿಯನ್ನು ಎರಡೂ ವಿಭಾಗಗಳು ಹಂಚಿಕೊಂಡಿದ್ದರೆ ಒಮ್ಮೆ ತಿದ್ದಿದರೆ ಸಾಕು. ಯಾವುದು ಸಮಾನವಾಗಿರಬೇಕು, ಯಾವುದು ಸ್ವಂತದ್ದಾಗಿರಬೇಕು ಎಂಬುದನ್ನು ಮೊದಲು ನಿರ್ಧರಿಸಿ, ಬಳಿಕ ನಕಲಿನ ಬಗೆಯನ್ನು ಆರಿಸಿಕೊಳ್ಳಬೇಕು. ನಕಲಿನ ಒಳಗಿನ ಒಂದು ಅಂಶವನ್ನು ಬದಲಿಸಿ ಮೂಲವನ್ನು ತೆರೆದು ನೋಡುವುದೇ ಇದಕ್ಕೆ ಸುಲಭ ಪರೀಕ್ಷೆ.